ಜಾಲೀಗಿಡದ ಕೆಳಗೆ ರೊಟ್ಟಿ: ದೇಹದ ಚಿಂತೆಗಳ ನಡುವೆ ಆತ್ಮಿಕ ದೃಷ್ಟಿ

  

ಯೌವನಸ್ಥರು ಪದೇಪದೇ ಕೇಳುವ ಒಂದು ಪ್ರಶ್ನೆಯನ್ನು ಇವತ್ತು ತಗೊಳ್ಳೋಣ. "ಪಾಸ್ಟರ್, ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಇಲ್ಲದ್ದೆಲ್ಲಾ ನೆನಪಾಗುತ್ತೆ. ಐದನೇ ತಾರೀಖು ರೂಮ್ ಬಾಡಿಗೆ ಕೊಡಬೇಕು. ಬೈಕ್ ಇಎಂಐ ಇದೆ. ಊರಲ್ಲಿ ಅಮ್ಮನಿಗೆ ಮಂಡಿ ನೋವು. ಆಫೀಸಲ್ಲಿ ಯಾವಾಗ ಯಾರನ್ನ ತೆಗೀತಾರೋ ಗೊತ್ತಿಲ್ಲ. ಬೆಳಿಗ್ಗೆ ಸತ್ಯವೇದ ತೆಗೆದರೆ ಹಸಿವು, ರಾತ್ರಿ ತೆಗೆದರೆ ನಿದ್ದೆ. ನಾನು ಆತ್ಮಿಕವಾಗಿ ಬಿದ್ದುಹೋಗಿದ್ದೀನಾ?"

ಇದು ಬರೀ ಮನಸ್ಸು ಚದುರುವ ಪ್ರಶ್ನೆ ಅಲ್ಲ, ಪ್ರಿಯರೇ. ಇದರ ಒಳಗೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ಹಸಿವು, ನಿದ್ದೆ, ಬಾಡಿಗೆ, ಕಾಯಿಲೆ ಇವೆಲ್ಲಾ ದೇವರಿಂದ ನಮ್ಮನ್ನು ದೂರ ಮಾಡುವ ಶತ್ರುಗಳಾ? ಒಬ್ಬ ನಿಜವಾದ ವಿಶ್ವಾಸಿ ಅವುಗಳ ಬಗ್ಗೆ ಯೋಚನೆಯನ್ನೇ ಮಾಡಬಾರದಾ? ಇದಕ್ಕೆ ತಪ್ಪು ಉತ್ತರ ಹಿಡಿದವರು ಎರಡು ದಿಕ್ಕಿನಲ್ಲಿ ಹಾಳಾಗ್ತಾರೆ. ಒಬ್ಬರು ದೇಹವನ್ನು ತಿರಸ್ಕರಿಸಿ ಕುಸಿದು ಬೀಳ್ತಾರೆ. ಇನ್ನೊಬ್ಬರು "ಮೊದಲು ಜೀವನ ಸೆಟ್ಲ್ ಆಗಲಿ, ಆಮೇಲೆ ದೇವರು" ಅಂದುಕೊಂಡು ಹತ್ತು ವರ್ಷ ಕಳೆದುಬಿಡ್ತಾರೆ. ಅದಕ್ಕೇ ವಾಕ್ಯ ಏನು ಹೇಳುತ್ತೆ ಅಂತ ನಿಧಾನವಾಗಿ ನೋಡೋಣ.

ಮೊದಲು 1 ಅರಸುಗಳು 19ನೇ ಅಧ್ಯಾಯಕ್ಕೆ ಬನ್ನಿ. 18ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ನಿಂತಿದ್ದಾನೆ. ಪ್ರಾರ್ಥಿಸಿದ ಕೂಡಲೇ ಬೆಂಕಿ ಇಳಿಯಿತು. ಆಮೇಲೆ ಮಳೆ ಬಂತು. ಇಷ್ಟು ದೊಡ್ಡ ಜಯ! ಅದರ ಬೆನ್ನಿಗೇ ಈಜೆಬೆಲ್ ರಾಣಿ ಒಂದು ಬೆದರಿಕೆ ಕಳಿಸ್ತಾಳೆ. ಎಲೀಯ ಓಡಿಹೋಗ್ತಾನೆ. ಬೇರ್ಷೆಬದ ತನಕ ಹೋಗಿ, ಸೇವಕನನ್ನು ಅಲ್ಲಿ ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಯೊಳಗೆ ನಡೀತಾನೆ. ಒಂದು ಜಾಲೀಗಿಡದ ಕೆಳಗೆ ಕೂತು, ಇನ್ನು ಸಾಕು, ನನ್ನ ಪ್ರಾಣ ತಗೊಂಡುಬಿಡು ಅಂತ ದೇವರನ್ನೇ ಕೇಳ್ತಾನೆ. ಹಾಗೇ ಮಲಗಿಬಿಡ್ತಾನೆ.

ಈಗ ದೇವರು ಏನು ಮಾಡಬಹುದಿತ್ತು? "ನಿನ್ನೆ ಬೆಂಕಿ ತಂದವನಿಗೆ ಇವತ್ತು ನಂಬಿಕೆ ಎಲ್ಲಿ ಹೋಯ್ತು" ಅಂತ ಬೈಯಬಹುದಿತ್ತು. ಎಬ್ಬಿಸಿ ಇನ್ನೊಂದು ರಾತ್ರಿ ಜಾಗರಣೆ ಪ್ರಾರ್ಥನೆ ಮಾಡಿಸಬಹುದಿತ್ತು. ದೇವರು ಎರಡನ್ನೂ ಮಾಡಲಿಲ್ಲ. ದೂತನು ಬಂದು ಮೆಲ್ಲಗೆ ಮುಟ್ಟಿ, ಎದ್ದು ತಿನ್ನು ಅಂತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ ಇದೆ, ತಂಬಿಗೆಯಲ್ಲಿ ನೀರಿದೆ. ತಿಂದು ಕುಡಿದು ಎಲೀಯ ಮತ್ತೆ ಮಲಗ್ತಾನೆ. ಗಮನಿಸಿ, ದೇವರು ಅದಕ್ಕೂ ಬೈಯಲಿಲ್ಲ. ದೂತ ಎರಡನೇ ಸಲ ಬಂದು ಮತ್ತೆ ಊಟ ಕೊಡ್ತಾನೆ, ಮುಂದಿನ ದಾರಿ ನಿನಗೆ ಹೆಚ್ಚಾಗುತ್ತೆ ಅಂತ ಕಾರಣವನ್ನೂ ಹೇಳ್ತಾನೆ. ಆ ಊಟದ ಬಲದಿಂದ ಎಲೀಯ 40 ದಿನ ಹಗಲುರಾತ್ರಿ ನಡೆದು ಹೋರೇಬ್ ಬೆಟ್ಟ ಮುಟ್ಟಿದ. ದೇವರ ಮೆಲುದನಿ ಕೇಳಿದ್ದು ಆಮೇಲೆ!

ಕ್ರಮ ಗಮನಿಸಿದ್ರಾ? ಮೊದಲು ನಿದ್ದೆ, ಆಮೇಲೆ ರೊಟ್ಟಿ, ಮತ್ತೆ ನಿದ್ದೆ, ಮತ್ತೆ ರೊಟ್ಟಿ, ನಂತರ ದಾರಿ, ಕೊನೆಗೆ ದೇವರ ಸ್ವರ. ಕೆಲವೊಮ್ಮೆ ನಮಗೆ ದೇವರ ಸ್ವರ ಕೇಳಿಸದೆ ಇರೋದಕ್ಕೆ ಕಾರಣ ಪಾಪ ಅಲ್ಲ. ಮೂರು ವಾರದಿಂದ ನಾಲ್ಕೇ ಗಂಟೆ ನಿದ್ದೆ ಮಾಡಿದ್ದೀವಿ, ಮಧ್ಯಾಹ್ನ ಊಟದ ಬದಲು ಪಫ್ಸು ಟೀಯಲ್ಲಿ ಮುಗಿಸಿದ್ದೀವಿ, ಅಷ್ಟೇ! ನಗ್ತಿದ್ದೀರಿ, ಆದರೆ ಇದು ನಿಜ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಯೂತಿಖ ಅನ್ನೋ ಯೌವನಸ್ಥ ಪೌಲನ ಪ್ರಸಂಗ ಕೇಳ್ತಾ ಕೇಳ್ತಾ ಕಿಟಕಿಯಲ್ಲೇ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದುಬಿಟ್ಟ. ಪ್ರಸಂಗ ಮಾಡ್ತಿದ್ದವನು ಸಾಕ್ಷಾತ್ ಪೌಲ, ಆದರೂ ನಿದ್ದೆ ಬಂತು! ಪೌಲ ಇಳಿದುಹೋಗಿ ಅವನನ್ನು ತಬ್ಬಿಕೊಂಡ. ನಿದ್ದೆ ಮಾಡಿದ್ದಕ್ಕೆ ಅವನನ್ನು ಖಂಡಿಸಿದ ಒಂದು ಮಾತೂ ಅಲ್ಲಿ ಬರೆದಿಲ್ಲ.

ನಮ್ಮ ಕರ್ತನನ್ನೇ ನೋಡಿ. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಮಾಡ್ತಾ ಇದ್ದ. ಮಾರ್ಕ 5ರಲ್ಲಿ ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ. ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಆಗ ಯೇಸು ಹೇಳಿದ ಮಾತುಗಳಲ್ಲಿ ಒಂದು ಏನು ಗೊತ್ತಾ? ಮಗುವಿಗೆ ತಿನ್ನಲು ಏನಾದರೂ ಕೊಡಿ ಅಂತ. ಅದ್ಭುತ ನೋಡಿ ಬೆರಗಾದವರು ಮಗುವಿನ ಹಸಿವನ್ನು ಮರೆತಿದ್ದರೋ ಏನೋ, ಅದ್ಭುತ ಮಾಡಿದವನು ಮರೆಯಲಿಲ್ಲ. ಪುನರುತ್ಥಾನದ ನಂತರವೂ ಸಮುದ್ರದ ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಸಿದ್ಧಮಾಡಿ, ರಾತ್ರಿಯೆಲ್ಲಾ ದುಡಿದ ಶಿಷ್ಯರನ್ನು ಊಟಕ್ಕೆ ಕರೆದ. ದೇಹ ಕೀಳು ಅನ್ನೋದಾದರೆ ದೇವರ ಮಗನು ದೇಹ ಧರಿಸಿ ಬರುತ್ತಲೇ ಇರಲಿಲ್ಲ. ಆಮೆನ್?

ಹಾಗಾದರೆ ಪೌಲನು ಶರೀರಕ್ಕೆ ವಿರೋಧವಾಗಿ ಅಷ್ಟೊಂದು ಬರೆದಿದ್ದಾನಲ್ಲ, ಅದೇನು? ಇಲ್ಲಿ ತುಂಬಾ ಜನ ಎಡವ್ತಾರೆ. ನಮ್ಮ ಕನ್ನಡ ಸತ್ಯವೇದದಲ್ಲಿ 'ದೇಹ' ಅನ್ನೋ ಮಾತಿದೆ, 'ಶರೀರಭಾವ' ಅನ್ನೋ ಮಾತೂ ಇದೆ. ಎರಡೂ ಒಂದೇ ಅಲ್ಲ. ಮೂಲ ಗ್ರೀಕ್ ಭಾಷೆಯಲ್ಲೂ ಅವಕ್ಕೆ ಬೇರೆಬೇರೆ ಪದಗಳಿವೆ: ದೇಹಕ್ಕೆ ಸೋಮ, ಶರೀರಭಾವಕ್ಕೆ ಸಾರ್ಕ್ಸ್. ದೇಹದ ಬಗ್ಗೆ 1 ಕೊರಿಂಥ 6ರಲ್ಲಿ ಪೌಲ ಅದು ಪವಿತ್ರಾತ್ಮನ ಆಲಯ ಅಂತಾನೆ. ಶರೀರಭಾವದ ಪಟ್ಟಿ ಗಲಾತ್ಯ 5ರಲ್ಲಿದೆ. ಆ ಪಟ್ಟಿಯಲ್ಲಿ ಜಾರತ್ವ, ಕುಡುಕತನ ಇವೆ, ಹೌದು. ಆದರೆ ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಒಡಕು ಇವೂ ಇವೆ. ಇವಕ್ಕೂ ಹೊಟ್ಟೆ ಹಸಿವಿಗೂ ಏನು ಸಂಬಂಧ? ನೀವು 21 ದಿನ ಉಪವಾಸ ಮಾಡಿ, ಅದೇ ಸಮಯದಲ್ಲಿ ವರ್ಷಿಪ್ ಟೀಮಿನಲ್ಲಿ ಲೀಡ್ ಹಾಡುವ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡ್ತಾ ಇದ್ದರೆ, ಆ 21 ದಿನವೂ ನೀವು ಶರೀರಭಾವದಲ್ಲೇ ಇದ್ದೀರಿ. ಇನ್ನೊಬ್ಬ ತಮ್ಮ ದಿನವೆಲ್ಲಾ ಬೈಕ್ ಮೇಲೆ ಪಾರ್ಸೆಲ್ ಕೊಟ್ಟು, ರಾತ್ರಿ ದೇವರಿಗೆ ಸ್ತೋತ್ರ ಹೇಳಿ ಅನ್ನ ಸಾರು ತಿಂದು, ಒಂದು ಕೀರ್ತನೆ ಓದಿ ಮಲಗಿದರೆ, ಅವನು ಆತ್ಮನನ್ನು ಅನುಸರಿಸಿ ನಡೀತಿದ್ದಾನೆ.

ಅಂದರೆ ಶರೀರಭಾವ ಅಂದರೆ ದೇಹ ಇರೋದಲ್ಲ. ದೇವರಿಲ್ಲದವರ ಹಾಗೆ ಬದುಕೋದು. ಹಾಗಾದರೆ ನಮ್ಮ ಆತ್ಮಿಕ ದೃಷ್ಟಿಯನ್ನು ಕದಿಯೋದು ಯಾವುದು? ಮತ್ತಾಯ 6ಕ್ಕೆ ಬನ್ನಿ.

25ನೇ ವಚನ ಎಲ್ಲರಿಗೂ ಬಾಯಿಪಾಠ. ಊಟ, ಬಟ್ಟೆ, ಪ್ರಾಣದ ಬಗ್ಗೆ ಚಿಂತೆ ಮಾಡಬೇಡಿ ಅಂತ ಯೇಸು ಹೇಳ್ತಾನೆ. ಆದರೆ ಆ ವಚನ 'ಈ ಕಾರಣದಿಂದ' ಅನ್ನೋ ಅರ್ಥದ ಮಾತಿನಿಂದ ಶುರುವಾಗುತ್ತೆ. ಯಾವ ಕಾರಣ? ಅದಕ್ಕೆ 24ನೇ ವಚನ ಓದಬೇಕು. ಒಬ್ಬ ಮನುಷ್ಯನಿಗೆ ಇಬ್ಬರು ಯಜಮಾನರು ಇರೋಕಾಗಲ್ಲ, ದೇವರು ಮತ್ತು ಧನ ಇಬ್ಬರನ್ನೂ ಸೇವಿಸೋಕಾಗಲ್ಲ. ನೋಡಿ, ಯೇಸುವಿನ ದೃಷ್ಟಿಯಲ್ಲಿ ಚಿಂತೆ ಅನ್ನೋದು ಬರೀ ಮನಸ್ಸಿನ ತೊಂದರೆ ಅಲ್ಲ, ಅದು ಯಜಮಾನ ಯಾರು ಅನ್ನೋ ವಿಷಯ. ಊಟ ಬೇಡ ಅಂತ ಯೇಸು ಎಲ್ಲೂ ಹೇಳಲಿಲ್ಲ. 32ನೇ ವಚನದಲ್ಲಿ, ಇವೆಲ್ಲಾ ನಿಮಗೆ ಬೇಕು ಅಂತ ತಂದೆಗೆ ಗೊತ್ತಿದೆ ಅಂತಾನೆ. ಅದೇ ಅಧ್ಯಾಯದಲ್ಲಿ ಅವನು ಕಲಿಸಿದ ಪ್ರಾರ್ಥನೆಯ ಮಧ್ಯದಲ್ಲೇ ದಿನದ ಆಹಾರ ಇದೆ. ದೇವರ ರಾಜ್ಯ ಬರಲಿ ಅನ್ನೋ ಬಾಯಲ್ಲೇ ಊಟ ಕೊಡು ಅಂತಲೂ ಕೇಳೋದನ್ನು ಅವನೇ ಕಲಿಸಿದ.

ಹಾಗಾಗಿ ಅಗತ್ಯ ಬೇರೆ, ಚಿಂತೆ ಬೇರೆ. ಅಗತ್ಯ ಹೇಳುತ್ತೆ, "ಐದನೇ ತಾರೀಖು ಬಾಡಿಗೆ ಕೊಡಬೇಕು." ಚಿಂತೆ ಹೇಳುತ್ತೆ, "ನಿನ್ನನ್ನು ನೋಡೋರು ಯಾರೂ ಇಲ್ಲ." ಅಗತ್ಯ ಒಂದು ಕೆಲಸ ಕೊಡುತ್ತೆ: ಲೆಕ್ಕ ಹಾಕು, ಮನೆಯವರ ಹತ್ತಿರ ಮಾತಾಡು, ಖರ್ಚು ಇಳಿಸು. ಚಿಂತೆ ಯಾವ ಕೆಲಸವನ್ನೂ ಕೊಡಲ್ಲ. ರಾತ್ರಿ ಎರಡು ಗಂಟೆಗೆ ಅದೇ ಬ್ಯಾಂಕ್ ಆ್ಯಪನ್ನು ಮೂರನೇ ಸಲ ತೆಗೆಸುತ್ತೆ, ಅಷ್ಟೇ. ಬ್ಯಾಲೆನ್ಸ್ ಬದಲಾಗಿರಲ್ಲ. ಅಗತ್ಯವನ್ನು ದೇವರ ಮುಂದೆ ತಂದಿಟ್ಟರೆ ಅದೇ ಪ್ರಾರ್ಥನೆ. ಅದನ್ನು ದೇವರ ಜಾಗದಲ್ಲಿ ಕೂರಿಸಿದರೆ ಅದು ವಿಗ್ರಹ. ಪ್ರಾರ್ಥನೆಯಲ್ಲಿ ಬಾಡಿಗೆ ನೆನಪಾಯ್ತಾ? ಓಡಿಸೋಕೆ ಒದ್ದಾಡಬೇಡಿ. "ತಂದೆಯೇ, ಬಾಡಿಗೆ" ಅಂತ ಹೇಳಿ. ಅಲ್ಲಿಗೆ ಅದು ಅಡ್ಡಿಯಾಗಿ ಉಳಿಯಲ್ಲ, ಪ್ರಾರ್ಥನೆಯ ವಿಷಯವಾಗುತ್ತೆ.

ಇದನ್ನು ದೇವರು ಇಸ್ರಾಯೇಲ್ಯರಿಗೆ ಮನ್ನದ ಮೂಲಕ ಕಲಿಸಿದ. ವಿಮೋಚನಕಾಂಡ 16. ದಿನದಿನದ್ದು ದಿನದಿನ ಕೂಡಿಸಿಕೊಳ್ಳಬೇಕು. ನಾಳೆಗೂ ಇರಲಿ ಅಂತ ಭಯದಿಂದ ಇಟ್ಟುಕೊಂಡದ್ದು ಹುಳಬಿದ್ದು ನಾರಿತು. ಆದರೆ ಆರನೇ ದಿನ ಎರಡರಷ್ಟು ಕೂಡಿಸಿಟ್ಟದ್ದು ಕೆಡಲಿಲ್ಲ. ಯಾಕೆ? ಅದು ದೇವರ ಮಾತಿಗೆ ವಿಧೇಯರಾಗಿ, ಸಬ್ಬತ್ತಿಗಾಗಿ ಇಟ್ಟದ್ದು. ಹಾಗಾದರೆ ಪಿಎಫ್ ಇಡೋದು, ಹೆಲ್ತ್ ಇನ್ಶೂರೆನ್ಸ್ ಮಾಡಿಸೋದು ಅಪನಂಬಿಕೆನಾ? ಅಲ್ಲ. ಕೂಡಿಸಿಡೋದು ತಪ್ಪಲ್ಲ. ಕೂಡಿಸಿಟ್ಟಿದ್ದೇ ನನ್ನ ಕುರುಬ ಅಂದುಕೊಳ್ಳೋದು ತಪ್ಪು.

ಈಗ ಮಾರ್ಥಳ ಮನೆಗೆ ಹೋಗೋಣ, ಲೂಕ 10. ಪಾಪ, ಮಾರ್ಥಳನ್ನು ನಾವು ಪ್ರಸಂಗಗಳಲ್ಲಿ ತುಂಬಾ ಬೈದಿದ್ದೀವಿ. ಯೇಸು ಅವಳಿಗೆ ಅಡುಗೆ ಯಾಕೆ ಮಾಡ್ತೀಯ ಅಂತ ಕೇಳಲಿಲ್ಲ. ನೀನು ಅನೇಕ ವಿಷಯಗಳಲ್ಲಿ ಚಿಂತೆಪಟ್ಟು ತಳಮಳಿಸ್ತಿದ್ದೀಯ ಅಂದ. ಅವಳ ಕೈ ತಪ್ಪು ಮಾಡಿರಲಿಲ್ಲ, ಮನಸ್ಸು ಚೂರುಚೂರಾಗಿತ್ತು. ಅದರ ಗುರುತೇನು? ಪಕ್ಕದಲ್ಲಿ ಕೂತಿರೋ ತಂಗಿಯ ಮೇಲೆ ಸಿಟ್ಟು, ಕರ್ತನ ಮೇಲೂ ದೂರು. ಕೆಲಸ ಯಜಮಾನನಾದಾಗ ಪಕ್ಕದವರು ನಮಗೆ ಶತ್ರುಗಳ ಹಾಗೆ ಕಾಣ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ! ಯೋಹಾನ 12:2 ತೆಗೀರಿ. ಬೇಥಾನ್ಯದಲ್ಲಿ ಯೇಸುವಿಗೆ ಔತಣ. ಯಾರು ಬಡಿಸ್ತಿದ್ದಾರೆ? ಅದೇ ಮಾರ್ಥ! ಈ ಸಲ ದೂರಿಲ್ಲ, ಸಿಟ್ಟಿಲ್ಲ, ಯೇಸುವಿನಿಂದ ತಿದ್ದುವ ಮಾತೂ ಇಲ್ಲ. ಅವಳು ಅಡುಗೆಮನೆ ಬಿಟ್ಟು ಆತ್ಮಿಕಳಾಗಲಿಲ್ಲ. ಅಡುಗೆಮನೆಯಲ್ಲೇ ಇದ್ದಳು, ಆದರೆ ಸಮಾಧಾನವಾಗಿದ್ದಳು. ನಿಮ್ಮ ಪಕ್ಕದಲ್ಲಿರೋರಿಗೆ ಹೇಳಿ: "ಕೆಲಸ ಬಿಡೋದು ಬೇಡ, ತಳಮಳ ಬಿಡು." ಹಲ್ಲೆಲೂಯ!

ಇಲ್ಲಿ ಒಂದು ಕಷ್ಟದ ಮಾತು ಹೇಳಲೇಬೇಕು. "ದೇವರನ್ನು ನಂಬಿದರೆ ಎಲ್ಲಾ ಅಗತ್ಯ ತಕ್ಷಣ ಪೂರೈಸುತ್ತೆ" ಅಂತ ಹೇಳಿದರೆ ನಿಮಗೆ ಖುಷಿ ಆಗುತ್ತೆ, ಚಪ್ಪಾಳೆಯೂ ಬರುತ್ತೆ. ಆದರೆ ಸತ್ಯವೇದ ಹಾಗೆ ಹೇಳಲ್ಲ. ಫಿಲಿಪ್ಪಿ 4:13, ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಅನ್ನೋ ವಚನ, ಎಷ್ಟು ಜನರ ವಾಟ್ಸ್ಆ್ಯಪ್ ಸ್ಟೇಟಸ್ಸಲ್ಲಿ ಇದೆ? ಎಷ್ಟು ಬೈಕಿನ ಮೇಲೆ ಇದೆ? ಅದರ ಹಿಂದಿನ ವಚನ ಯಾರೂ ಹಾಕಲ್ಲ. ಅಲ್ಲಿ ಪೌಲ ಹೊಟ್ಟೆತುಂಬ ಉಣ್ಣೋದೂ ಗೊತ್ತು, ಹಸಿದಿರೋದೂ ಗೊತ್ತು ಅಂತ ಬರೀತಾನೆ. ಬರೆದದ್ದು ಸೆರೆಯಲ್ಲಿದ್ದಾಗ. ಅವನು ಮಾಡಬಲ್ಲೆ ಅಂದ 'ಎಲ್ಲದರಲ್ಲಿ' ಹಸಿವೂ ಸೇರಿದೆ! ಇನ್ನೂ ಒಂದು ಮಾತು ಗಮನಿಸಿ, ಸಂತೃಪ್ತನಾಗಿರೋದನ್ನು ಕಲಿತುಕೊಂಡೆ ಅಂತಾನೆ. ಕಲಿತದ್ದು ಅಂದರೆ ಒಂದೇ ದಿನದಲ್ಲಿ ಬಂದದ್ದಲ್ಲ. ಮೂರು ತಿಂಗಳಿಂದ ಕೆಲಸ ಇಲ್ಲದೆ ಇಂಟರ್‌ವ್ಯೂ ಅಲೀತಿರೋ ತಮ್ಮಾ, ತಂಗೀ, ನಿನ್ನ ಹಸಿವು ನಿನ್ನ ಅಪನಂಬಿಕೆಯ ಸಾಕ್ಷಿ ಅಲ್ಲ. ನೀನು ಪೌಲ ಓದಿದ ಶಾಲೆಯಲ್ಲೇ ಕೂತಿದ್ದೀಯ.

ಹಾಗೇ ಔಷಧಿಯ ವಿಷಯ. ನಾವು ದೈವಿಕ ಸ್ವಸ್ಥತೆಯನ್ನು ನಂಬುವ ಜನ. ಯೇಸುವಿನ ನಾಮದಲ್ಲಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀವಿ. ಆದರೆ ಅದೇ ಪೌಲ ತಿಮೊಥೆಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ, 1 ತಿಮೊಥೆ 5:23. ತ್ರೋಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬರಬೇಕಾಯ್ತು, 2 ತಿಮೊಥೆ 4:20. ಇವರು ನಂಬಿಕೆ ಇಲ್ಲದವರಾ? ಹಾಗಾಗಿ ನಂಬಿಕೆ ತೋರಿಸೋಕೆ ಅಂತ ಶುಗರ್ ಮಾತ್ರೆ ಬಿಡಬೇಡಿ, ಬಿಪಿ ಮಾತ್ರೆ ಬಿಡಬೇಡಿ, ಮನಸ್ಸಿನ ಕಾಯಿಲೆಗೆ ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಬಿಡಬೇಡಿ. ಇನ್ಸುಲಿನ್ ತಗೊಳ್ಳೋರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ದೇವರು ಸ್ವಸ್ಥ ಮಾಡಿದರೆ ಅದು ಡಾಕ್ಟರ್ ಪರೀಕ್ಷೆಯಲ್ಲೂ ಕಾಣುತ್ತೆ. ಅವರೇ ಮಾತ್ರೆ ನಿಲ್ಲಿಸಲಿ, ನೀವು ಸಾಕ್ಷಿ ಹೇಳಿ. ಉಪವಾಸ ಅಂದರೆ ದೇಹಕ್ಕೆ ಶಿಕ್ಷೆ ಕೊಡೋದಲ್ಲ. "ಹೊಟ್ಟೆಯೇ, ನೀನು ಯಜಮಾನನಲ್ಲ" ಅಂತ ಪ್ರೀತಿಯಿಂದ ಹೇಳೋದು.

ಯೆಶಾಯ 58ರಲ್ಲಿ ದೇವರು ತನಗೆ ಇಷ್ಟವಾದ ಉಪವಾಸ ಯಾವುದು ಅಂತ ಹೇಳ್ತಾನೆ: ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳೋದು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡೋದು. ನನ್ನ ಮನಸ್ಸಿಗೆ ಚುಚ್ಚುವ ಸತ್ಯ ಇದು. ನನ್ನ ದೇಹದ ಅಗತ್ಯಕ್ಕಾಗಿ ಚಿಂತೆ ಮಾಡೋದು ಬೇಡ ಅಂತ ಹೇಳಿದ ಅದೇ ದೇವರು, ಪಕ್ಕದವರ ದೇಹದ ಅಗತ್ಯವನ್ನು ನನ್ನ ಆತ್ಮಿಕ ಜವಾಬ್ದಾರಿ ಮಾಡಿದ್ದಾನೆ. ಯಾಕೋಬ 2:15, 16 ಓದಿ. ಉಣ್ಣೋಕಿಲ್ಲದ ಸಹೋದರನಿಗೆ ಸಮಾಧಾನದಿಂದ ಹೋಗು ಅಂತ ಬರೀ ಮಾತು ಹೇಳಿದರೆ ಏನು ಪ್ರಯೋಜನ ಅಂತ ಕೇಳ್ತಾನೆ. ಅದಕ್ಕೇ "ಚಿಂತೆ ಮಾಡಬೇಡ" ಅನ್ನೋ ವಚನವನ್ನು ನನಗೆ ನಾನು ಹೇಳಿಕೊಳ್ಳಬೇಕು. ಇನ್ನೊಬ್ಬರಿಗೆ ಹೇಳೋ ಮುಂಚೆ ಕೈಯಲ್ಲಿ ರೊಟ್ಟಿ ಇರಬೇಕು. ನಿಮ್ಮ ಪಿಜಿಯಲ್ಲಿ, ಪಕ್ಕದ ಮಂಚದಲ್ಲಿ, ಸಂಬಳ ಬಾರದೆ ರಾತ್ರಿ ಊಟ ಬಿಟ್ಟು "ಹಸಿವಿಲ್ಲ" ಅಂತ ಸುಳ್ಳು ಹೇಳ್ತಿರೋರು ಇರಬಹುದು. ಅವರಿಗಾಗಿ ದೇವರು ಕಳಿಸ್ತಿರೋ ದೂತ ನೀವೇ ಇರಬಹುದು.

ಹಾಗಾದರೆ ದಿನದಿನ ಇದನ್ನು ಹೇಗೆ ನಡೆಸೋದು? ಮೂರು ಮಾತು ಹೇಳ್ತೀನಿ.

ಒಂದು, ಕೆಲಸದ ಮಧ್ಯದಲ್ಲೇ ಚಿಕ್ಕ ಪ್ರಾರ್ಥನೆ. ನೆಹೆಮೀಯ 2:4ರಲ್ಲಿ ರಾಜ ಪ್ರಶ್ನೆ ಕೇಳಿದ, ಉತ್ತರ ಕೊಡೋ ಮುಂಚೆ ನೆಹೆಮೀಯ ನಿಂತಲ್ಲೇ ಪ್ರಾರ್ಥಿಸಿದ. ಎಷ್ಟು ಹೊತ್ತು ಸಿಕ್ಕಿರುತ್ತೆ? ಒಂದು ಉಸಿರಿನಷ್ಟು. ಮೀಟಿಂಗಲ್ಲಿ ಮ್ಯಾನೇಜರ್ ನಿಮ್ಮ ಹೆಸರು ಕರೆದಾಗ ನಿಮಗೂ ಅಷ್ಟು ಹೊತ್ತು ಸಿಗುತ್ತೆ. ಆದರೆ ನೆಹೆಮೀಯ 1ನೇ ಅಧ್ಯಾಯದಲ್ಲಿ ಅವನು ಅನೇಕ ದಿನ ಅತ್ತು ಉಪವಾಸ ಪ್ರಾರ್ಥನೆ ಮಾಡಿದ್ದಾನೆ, ಅದನ್ನೂ ಮರೀಬೇಡಿ. ಏಕಾಂತದ ಪ್ರಾರ್ಥನೆ ಬಿಟ್ಟರೆ ಚಿಕ್ಕ ಪ್ರಾರ್ಥನೆಯೂ ನಿಧಾನವಾಗಿ ಒಣಗುತ್ತೆ.

ಎರಡು, ಮಾಡೋ ಕೆಲಸವನ್ನೇ ದೇವರಿಗೆ ಮಾಡೋದು. ಕೊಲೊಸ್ಸೆ 3ನೇ ಅಧ್ಯಾಯ ಮೇಲಿನವುಗಳ ಮೇಲೆ ಮನಸ್ಸಿಡಬೇಕು ಅಂತ ಶುರುವಾಗುತ್ತೆ. ಮೇಲೆ ಅಂದರೆ ಎಲ್ಲಿ? ಓದ್ತಾ ಹೋಗಿ, ಅದೇ ಅಧ್ಯಾಯ ಗಂಡಹೆಂಡತಿ, ಮಕ್ಕಳು, ಕೆಲಸಗಾರರ ಹತ್ತಿರ ಬಂದು ಇಳಿಯುತ್ತೆ. ಮಾಡೋದನ್ನೆಲ್ಲಾ ಕರ್ತನಿಗೆ ಅಂತ ಮಾಡಿ ಅನ್ನುತ್ತೆ. ಇದನ್ನು ಬದುಕಿ ತೋರಿಸಿದ ಒಬ್ಬರ ಉದಾಹರಣೆ ಕೊಡ್ತೀನಿ. 17ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಸೈನಿಕರಾಗಿದ್ದವರು, ಪ್ಯಾರಿಸ್ಸಿನ ಒಂದು ಮಠ ಸೇರಿದರು. ಅಲ್ಲಿ ಸಿಕ್ಕಿದ ಕೆಲಸ ಅಡುಗೆಮನೆಯದ್ದು, ಸ್ವಭಾವದಿಂದ ಅವರಿಗೆ ಇಷ್ಟವಿಲ್ಲದ ಕೆಲಸ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯಲ್ಲಿ ಇರೋದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1691ರಲ್ಲಿ ತೀರಿಹೋದರು. ಅವರ ಮಾತು, ಪತ್ರಗಳನ್ನು ಸೇರಿಸಿದ ಪುಸ್ತಕವನ್ನು ಜನ ಇವತ್ತಿಗೂ ಓದ್ತಾರೆ. ಅವರಿಗೆ ವೇದಿಕೆ ಇರಲಿಲ್ಲ, ಒಲೆ ಇತ್ತು. ನಿಮಗೆ ಕೀಬೋರ್ಡ್ ಇದೆ, ಬಿಲ್ಲಿಂಗ್ ಕೌಂಟರ್ ಇದೆ, ಆಸ್ಪತ್ರೆಯ ವಾರ್ಡ್ ಇದೆ, ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿಗೆ ಹೋಗೋ ಮೆಟ್ರೋದಲ್ಲಿ ನಿಂತುಕೊಳ್ಳೋಷ್ಟು ಜಾಗ ಇದೆ. ಅಲ್ಲೂ ದೇವರಿದ್ದಾನೆ.

ಮೂರು, ನಿರ್ಧಾರ ತಗೊಳ್ಳೋವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: "ಇಲ್ಲಿ ಮಾತಾಡ್ತಿರೋದು ಅಗತ್ಯನಾ, ಭಯನಾ?" ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ, ಆದರೆ ಭಾನುವಾರವೂ ಹೋಗಬೇಕು, ನಿದ್ದೆ ಇಲ್ಲ, ಸಭೆಯವರ ಅನ್ಯೋನ್ಯತೆ ತಪ್ಪುತ್ತೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಸಾಲ ಇದೆ, ತಂಗಿಯ ಫೀಸು ಕಟ್ಟಬೇಕು ಅನ್ನೋದಾದರೆ ಅದು ಅಗತ್ಯ. ಹೋಗಿ ದುಡೀರಿ, ಬೇರೆ ದಿನ ನಿಮಗಾಗಿ ಪ್ರಾರ್ಥನೆಗೆ ನಾವೇ ಸೇರ್ತೀವಿ. ಆದರೆ ಸ್ನೇಹಿತ ಫ್ಲಾಟ್ ತಗೊಂಡ, ನಾನು ಹಿಂದೆ ಬಿದ್ದೆ ಅನ್ನೋದಾದರೆ ಅದು ಭಯ. ಒಂದೇ ಆಫರ್ ಲೆಟರ್, ಒಬ್ಬರಿಗೆ ದೇವರ ಒದಗಿಸುವಿಕೆ, ಇನ್ನೊಬ್ಬರಿಗೆ ಬಲೆ. ಇದನ್ನು ನಿಮಗಾಗಿ ನಾನು ತೀರ್ಮಾನ ಮಾಡೋಕಾಗಲ್ಲ. ದೇವರ ಮುಂದೆ ಕೂತು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಈ ವಾರ ನಿಮ್ಮ ನಿದ್ದೆ ಕೆಡಿಸಿದ ಒಂದು ವಿಷಯವನ್ನು ಅದರ ಹೆಸರು ಹಿಡಿದೇ ತಂದೆಗೆ ಹೇಳಿ. ನಾಚಿಕೆ ಪಡಬೇಡಿ.

ಪ್ರೀತಿಯುಳ್ಳ ತಂದೆಯೇ, ನಿನಗೆ ಸ್ತೋತ್ರ. ನಮ್ಮ ದೇಹಗಳನ್ನು ಉಂಟುಮಾಡಿದವನು ನೀನೇ, ನಮಗೆ ಏನು ಬೇಕೆಂದು ಬಲ್ಲವನೂ ನೀನೇ. ಕೆಲಸವಿಲ್ಲದ ಮಕ್ಕಳಿಗೆ ಬಾಗಿಲು ತೆರೆ. ಅದು ತೆರೆಯುವ ತನಕ ಅವರನ್ನು ಬಲಪಡಿಸು. ಕಾಯಿಲೆಯವರನ್ನು ಮುಟ್ಟು. ದಣಿದವರಿಗೆ ಇವತ್ತು ರಾತ್ರಿ ಒಳ್ಳೆ ನಿದ್ದೆ ಕೊಡು. ಭಯವು ನಮಗೆ ಯಜಮಾನನಾಗದಿರಲಿ. ಪವಿತ್ರಾತ್ಮನೇ, ಅಡುಗೆಮನೆಯಲ್ಲೂ ಆಫೀಸಿನಲ್ಲೂ ದಾರಿಯಲ್ಲೂ ನಿನ್ನ ಸ್ವರ ಕೇಳುವ ಕಿವಿ ಕೊಡು. ನಮ್ಮ ಪಕ್ಕದಲ್ಲಿ ಹಸಿದಿರುವವರನ್ನು ಕಾಣುವ ಕಣ್ಣು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಮನೆಗೆ ಹೋಗಿ ಊಟ ಮಾಡಿ, ದೇವರಿಗೆ ಸ್ತೋತ್ರ ಹೇಳಿ, ನೆಮ್ಮದಿಯಾಗಿ ಮಲಗಿ. ದೇವರು ನಿಮ್ಮನ್ನು ಆಶೀರ್ವದಿಸಲಿ.